‘ದ್ವಿಲಿಂಗಿ’ ಎಂದರೆ ಯಾರು?

ಮಾನ್ಯ ಸಂಪಾದಕರೇ,

ಲೈಂಗಿಕ ಅಲ್ಪಸಂಖ್ಯಾತರ ಕುರಿತ ವರದಿಗಳಿಗೆ ಕನ್ನಡ ಪತ್ರಿಕೆಗಳಲ್ಲಿ ಈಗ ಜಾಗ ಸಿಗುತ್ತಿರುವುದು ಸಂತೋಷದ ಸಂಗತಿ. ಆದರೆ ‘ಬೈಸೆಕ್ಷುವಲ್’ (ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಆಕರ್ಷಿತರಾಗುವವರು) ಎಂದಿರಬೇಕಾದಲ್ಲಿ ‘ದ್ವಿಲಿಂಗಿ’ ಎಂದು ಅಚ್ಚಾಗುವುದನ್ನು ಕಂಡಾಗ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದ ನನಗೆ ಮೊದಲು ನೆನಪಾಗುವುದು ದಾಸವಾಳ. ಕೇಸರವೂ ಅಂಡಾಶಯವೂ ಒಂದೇ ಹೂವಿನಲ್ಲಿದ್ದರೆ ಅದು ದ್ವಿಲಿಂಗಿ. ಅಡಿಕೆಯ ಹಿಂಗಾರದಲ್ಲಿ ಗಂಡುಹೂ, ಹೆಣ್ಣುಹೂ ಬೇರೆಬೇರೆ ಇರುತ್ತವೆ. ಪನ್ನಿಯೂರಿನಂಥ ಕಾಳುಮೆಣಸಿನ ತಳಿಗಳಲ್ಲಿ ದ್ವಿಲಿಂಗಿ ಹೂಗಳೇ ಹೆಚ್ಚಾದ್ದರಿಂದ ಕಾಳು ಚೆನ್ನಾಗಿ ಕಟ್ಟುತ್ತದೆ. ಹೀಗೆ ಕಲಿತವರು ‘ದ್ವಿಲಿಂಗಿ ಯುವತಿ’ ಎಂಬ ತಲೆಬರಹ ಓದಿದರೆ ಆಕೆಯ ದೇಹರಚನೆಯ ಬಗ್ಗೆ ಊಹಿಸುತ್ತಾರೆ. ಆಕೆಯ ಒಲವಿನ ವಿಷಯ ಅವರಿಗೆ ಹೊಳೆಯುವುದೇ ಇಲ್ಲ.

ಇಂಗ್ಲಿಷಿನಲ್ಲೂ ‘ಬೈಸೆಕ್ಷುವಲ್’ ಪದ ಹುಟ್ಟಿದ್ದು ಸಸ್ಯಶಾಸ್ತ್ರ ಮತ್ತು ಅಂಗರಚನಾಶಾಸ್ತ್ರದ ಮಡಿಲಲ್ಲೇ. ಗಂಡು ಹೆಣ್ಣು ಇಬ್ಬರ ಕಡೆಗೂ ಆಕರ್ಷಣೆ ಎಂಬ ಅರ್ಥ ಅದಕ್ಕೆ ಬಂದದ್ದು, ಮನೋವೈದ್ಯ ಕ್ರಾಫ್ಟ್-ಎಬಿಂಗ್ ಲೈಂಗಿಕತೆಯ ಬಗ್ಗೆ ಬರೆದ ಜರ್ಮನ್ ಗ್ರಂಥವನ್ನು ಅಮೆರಿಕದ ವೈದ್ಯ ಚಾರ್ಲ್ಸ್ ಗಿಲ್ಬರ್ಟ್ ಚಾಡಕ್ 1892ರಲ್ಲಿ ಅನುವಾದಿಸಿದಾಗ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 1905ರಲ್ಲಿ ಬರೆದ ಮನೋವಿಶ್ಲೇಷಕ ಫ್ರಾಯ್ಡ್‌ಗೆ ಅದು ಎಲ್ಲ ಮನುಷ್ಯರಲ್ಲೂ ಹುಟ್ಟಿನಿಂದಲೇ ಇರುವ ಒಂದು ಸಾಧ್ಯತೆ. ಇವರೆಲ್ಲರಿಗಿಂತ ನನಗೆ ಹತ್ತಿರದವನಾಗಿ ಕಾಣುವವನು ಆಲ್‌ಫ್ರೆಡ್ ಕಿನ್ಸಿ. ಕಣಜದ ಹುಳುಗಳನ್ನು ಅಧ್ಯಯನ ಮಾಡುತ್ತಿದ್ದ ಈ ಜೀವಶಾಸ್ತ್ರಜ್ಞ 1948ರಲ್ಲಿ ಮನುಷ್ಯರ ಲೈಂಗಿಕ ವರ್ತನೆಯನ್ನು ಸೊನ್ನೆಯಿಂದ ಆರರವರೆಗಿನ ಅಳತೆಗೋಲಿನಲ್ಲಿಟ್ಟು, ಬಹಳಷ್ಟು ಜನ ಎರಡು ತುದಿಗಳ ನಡುವೆ ಎಲ್ಲೋ ಇರುತ್ತಾರೆ ಎಂದು ತೋರಿಸಿದ. ಆದರೆ ಅವರನ್ನು ಬೈಸೆಕ್ಷುವಲ್ ಎನ್ನಲು ಮಾತ್ರ ಹಿಂಜರಿದ, ಏಕೆಂದರೆ ಜೀವಶಾಸ್ತ್ರದಲ್ಲಿ ಅದು ಎರಡೂ ಲಿಂಗಗಳ ಅಂಗರಚನೆಯುಳ್ಳ ಜೀವಿಗೆ ಸಲ್ಲುವ ಮಾತು. ನಾನು ಇಲ್ಲಿ ಎತ್ತುತ್ತಿರುವ ತಕರಾರು ಅವನದೇ.

ಇಂಗ್ಲಿಷಿನಲ್ಲಿ ಬಳಕೆಯೇ ಗೆದ್ದಿತು, ಅರ್ಥವೂ ಹಿಗ್ಗಿತು. ಅಮೆರಿಕದ ಮನೋವೈದ್ಯ ಫ್ರಿಟ್ಜ್ ಕ್ಲೈನ್ 1978ರಲ್ಲಿ ವರ್ತನೆಯೊಂದನ್ನೇ ಅಳೆಯದೆ ಆಕರ್ಷಣೆ, ಕಲ್ಪನೆ, ಭಾವನಾತ್ಮಕ ಒಲವುಗಳನ್ನೂ, ಅವು ಕಾಲದೊಂದಿಗೆ ಬದಲಾಗುವುದನ್ನೂ ಲೆಕ್ಕಕ್ಕೆ ತಂದರು. ತಮ್ಮನ್ನು ಬೈಸೆಕ್ಷುವಲ್ ಎಂದು ಕರೆದುಕೊಳ್ಳುವ ಅಮೆರಿಕದ ಕೆಲವರು 1990ರಲ್ಲಿ ಹೊರಡಿಸಿದ ಪ್ರಣಾಳಿಕೆಯಲ್ಲಿ, ಲಿಂಗಗಳು ಎರಡೇ ಎಂದು ತಾವು ನಂಬಿದ್ದೇವೆಂದು ಭಾವಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿದರು. ಒಂದಕ್ಕಿಂತ ಹೆಚ್ಚು ಲಿಂಗದವರತ್ತ, ಒಂದೇ ಕಾಲಕ್ಕೆ ಅಥವಾ ಒಂದೇ ಪ್ರಮಾಣದಲ್ಲಿ ಅಲ್ಲದಿದ್ದರೂ, ಆಕರ್ಷಿತರಾಗಬಲ್ಲವರು ಎಂಬುದು ಇಂದು ಹೆಚ್ಚಾಗಿ ಒಪ್ಪಿತವಾದ ವಿವರಣೆ. ಅಂಥವರು ಮದುವೆಯಾಗಿ ಒಬ್ಬರೊಂದಿಗೇ ಬಾಳಿದರೂ ಅವರ ಸ್ವಭಾವ ಅಳಿಸಿಹೋಗುವುದಿಲ್ಲ. ನಮ್ಮ ಹಿರಿಯರಿಗೆ ಇದನ್ನು ಒಪ್ಪಿಸುವುದು ಕಷ್ಟ.

ಕನ್ನಡದಲ್ಲಿ ಈ ಗೊಂದಲದಿಂದಾಗುವ ತೊಂದರೆ ಸಣ್ಣದಲ್ಲ. ಸುಪ್ರೀಂ ಕೋರ್ಟು 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಮಾನ್ಯ ಮಾಡಿದ ತೃತೀಯ ಲಿಂಗ ಬೇರೆ, 2018ರ ಸೆಪ್ಟೆಂಬರ್ 6ರಂದು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ತೀರ್ಪಿನಿಂದ ಅಪರಾಧದ ಪಟ್ಟಿಯಿಂದ ಹೊರಬಂದ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧಗಳು ಬೇರೆ. ತೃತೀಯ ಲಿಂಗದ ವ್ಯಾಖ್ಯೆಯಲ್ಲಿ ಬೈಸೆಕ್ಷುವಲ್ ವ್ಯಕ್ತಿಗಳು ಸೇರುವುದಿಲ್ಲ ಎಂದು 2016ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಬೇಕಾಯಿತು. ‘ದ್ವಿಲಿಂಗಿ’ ಎಂದು ಬರೆದರೆ ಓದುಗರು ಇವೆರಡನ್ನೂ, ಹುಟ್ಟಿನಿಂದಲೇ ಭಿನ್ನ ಜನನಾಂಗ ಇರುವವರನ್ನೂ ಒಟ್ಟಿಗೆ ಕಲಸಿಬಿಡುತ್ತಾರೆ. ನಮ್ಮ ಮನೆಗಳಿಗೆ ಕನ್ನಡದ ಜೊತೆ ಮಲಯಾಳ ಪತ್ರಿಕೆಯೂ ಬರುತ್ತದೆ. ಅಲ್ಲಿ ‘ಸ್ವವರ್ಗಾನುರಾಗಿ’ ಎಂದಿರುವವರು ನಮ್ಮಲ್ಲಿ ಇನ್ನೂ ‘ಸಲಿಂಗಕಾಮಿ’ಗಳು. ಅನುರಾಗಕ್ಕೂ ಕಾಮಕ್ಕೂ ಇರುವ ಅಂತರ ಗಡಿನಾಡಿನ ಓದುಗರಿಗೆ ದಿನವೂ ಎದುರಾಗುತ್ತದೆ.

ಹೊಸ ಪದ ಟಂಕಿಸುವ ಆತುರ ನನಗಿಲ್ಲ. ‘ಬೈಸೆಕ್ಷುವಲ್’ ಎಂದೇ ಕನ್ನಡ ಲಿಪಿಯಲ್ಲಿ ಬರೆದು, ಮೊದಲ ಬಾರಿ ಬಂದಲ್ಲಿ ಒಂದು ಸಾಲಿನ ವಿವರಣೆ ಕೊಟ್ಟರೆ ಸಾಕು. ಸುದ್ದಿಸಂಸ್ಥೆಯ ವರದಿಯನ್ನು ಕನ್ನಡಕ್ಕೆ ತರುವ ಉಪಸಂಪಾದಕರಿಗೆ ತಾವು ಈ ಸೂಚನೆ ಕೊಡಬೇಕೆಂದು ವಿನಂತಿ.

– ನಿವೃತ್ತ ಅಧ್ಯಾಪಕ, ಬದಿಯಡ್ಕ, ಕಾಸರಗೋಡು ಜಿಲ್ಲೆ