ಆ ಸೊಪ್ಪು ತಂಬುಳಿಗೆ ಬೇಡ!

ಇಂಗ್ಲೆಂಡಿನಲ್ಲಿ ಹೊಸದಾಗಿ ತೋಟ ಮಾಡುತ್ತಿರುವವರು ದಯವಿಟ್ಟು ಓದಿ.

ನಿನ್ನೆ ತೋಟದ ಒಂದು ಸೊಪ್ಪಿನ ಫೋಟೋ ಹಾಕಿ, "ತಾನಾಗೇ ಹುಟ್ಟಿದೆ, ತಂಬುಳಿ ಮಾಡಬಹುದಾ?" ಎಂದು ಒಬ್ಬರು ಕೇಳಿದ್ದರು. ಬೇಡವೇ ಬೇಡ. ಅದು ಫಾಕ್ಸ್‌ಗ್ಲೋವ್ ಎಂಬ ವಿಷದ ಹೂಗಿಡ. ಮೊದಲ ವರ್ಷ ಸಾಮಾನ್ಯವಾಗಿ ಹೂ ಬಿಡುವುದಿಲ್ಲ, ನೆಲಕ್ಕೆ ಒತ್ತಿಕೊಂಡು ಬರೀ ಎಲೆ. ಮುಟ್ಟಿದರೆ ಮೆತ್ತಗೆ, ಸಣ್ಣ ರೋಮ. ಇದೇ ಥರ ಎಲೆಯ ಕಾಂಫ್ರಿ ಎಂಬ ಮೂಲಿಕೆ ಎಂದುಕೊಂಡು ಕಷಾಯ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ. ಎಲೆ, ಹೂವು, ಬೀಜ ಎಲ್ಲವೂ ವಿಷ. ಕುದಿಸಿದರೂ ಹೋಗುವುದಿಲ್ಲ. ವಾಂತಿ ಬರುತ್ತದೆ, ಕೆಲವರಿಗೆ ಕಣ್ಣಿಗೆ ಎಲ್ಲ ಹಳದಿ ಕಾಣುತ್ತದೆ, ಎದೆಬಡಿತ ತಾಳ ತಪ್ಪುತ್ತದೆ.

ಔಷಧಿ ಅಲ್ವಾ ಅಂತೀರಾ? ಹೌದು. ಬರ್ಮಿಂಗ್‌ಹ್ಯಾಮಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಇದರ ಬಗ್ಗೆ ಪುಸ್ತಕ ಬರೆದರು. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಇದೇ ಕುಲದ ಗಿಡದ್ದು. ಆದರೆ ಅದರ ಅಳತೆ ಮೈಕ್ರೋಗ್ರಾಂ ಲೆಕ್ಕ, ನಮ್ಮ ಚಿಟಿಕೆ ಲೆಕ್ಕ ನಡೆಯುವುದಿಲ್ಲ. ಊರಿನ ಕಣಗಿಲೆಯಲ್ಲಿರುವುದೂ ಇದೇ ಬಗೆಯ ವಿಷ.

ಸುಮ್ನೆ ಕಿತ್ತೆಸೆಯಬೇಡಿ. ಗಂಟೆಯಂಥ ನೇರಳೆ ಹೂವಿನೊಳಗೆ ಚುಕ್ಕೆ ಚುಕ್ಕೆ, ದಪ್ಪ ದುಂಬಿ ಪೂರ್ತಿ ಒಳಗೆ ನುಗ್ಗುತ್ತದೆ. ಸೊಪ್ಪಿನ ಮಡಿಯಿಂದ ದೂರ ಇರಲಿ, ಕೈಗವಸು ಹಾಕಿಕೊಳ್ಳಿ. ಮಕ್ಕಳು ಬಾಯಿಗೆ ಹಾಕಿಕೊಂಡರೆ ಕಾಯಬೇಡಿ, ತಕ್ಷಣ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಸುಸ್ತಾಗಿ ಬಿದ್ದರೆ ತುರ್ತು ಸಂಖ್ಯೆ 999.