ಮಗಳಿಗೊಂದು ಪತ್ರ: ಕೊನೆಯ ಮೂರು ಆಟ

ಬಳ್ಳಾರಿ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಮಾತಿನ ನಡುವೆ ಒಂದು ಮಾತು ಅಂದೆ. "ಬೀಟಲ್‌ಜ್ಯೂಸ್ ತೆಗೀತಾರೆ ಅಂತ ನಾನು ಅತ್ತಾಗ ನೀನು ನಕ್ಕಿದ್ದೆ ಅಮ್ಮ." ಅಷ್ಟು ಹೇಳಿ ಬೇರೆ ವಿಷಯಕ್ಕೆ ಹೋದೆ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹೌದು, ನಕ್ಕಿದ್ದೆ. 2019ರ ಡಿಸೆಂಬರ್. ನ್ಯೂಯಾರ್ಕಿನಲ್ಲಿ ನೀನು ಮೆಚ್ಚಿದ್ದ 'ಬೀಟಲ್‌ಜ್ಯೂಸ್' ಅನ್ನುವ ಹಾಡಿನ ನಾಟಕವನ್ನು ಥಿಯೇಟರಿನಿಂದ ತೆಗೆಯುತ್ತಾರೆ ಅಂತ ಸುದ್ದಿ ಬಂದಿತ್ತು. ಇಲ್ಲಿ ಬೆಳಗಿನ ಆರು ಗಂಟೆ, ನಿನಗೆ ಸಂಜೆ. ಒಲೆ ಮೇಲೆ ಹಾಲು ಇಟ್ಟಿದ್ದೆ. ನೀನು ಬಿಕ್ಕಳಿಸುತ್ತಿದ್ದೆ. "ನಾಟಕದೋರಿಗೆ ಯಾರಾದ್ರೂ ಅಳ್ತಾರಾ ಹುಚ್ಚಿ, ಅದು ಹೋದ್ರೆ ಇನ್ನೊಂದು ಬರುತ್ತೆ" ಅಂದೆ. ಹಾಲು ಉಕ್ಕಿತು ಅಂತ ಓಡಿದೆ. ಬರುವಷ್ಟರಲ್ಲಿ ನೀನು ಫೋನ್ ಇಟ್ಟಿದ್ದೆ.

ಆ ಮಾತು ನನ್ನದಲ್ಲ ಪುಟ್ಟಿ. ಅದಕ್ಕೂ ನಲವತ್ತು ವರ್ಷದ ಹಿಂದೆ ನಿಮ್ಮ ಅಜ್ಜಿ, ನನ್ನ ಅಮ್ಮ, ನನಗೆ ಅಂದ ಮಾತು. ಆಗ ಅದು ನನಗೆ ಎಷ್ಟು ಚುಚ್ಚಿತ್ತೋ, ಅದನ್ನೇ ಎತ್ತಿ ನಿನಗೆ ಅಂದುಬಿಟ್ಟೆ. ಆ ಕಥೆ ನಿನಗೆ ಯಾವತ್ತೂ ಹೇಳಿಲ್ಲ.

1979. ನನಗೆ ಹನ್ನೊಂದು ವರ್ಷ. ಕೌಲ್ ಬಜಾರಿನಲ್ಲಿ ನಮ್ಮ ಮನೆ ಹಿಂದೆ ಒಂದು ದೊಡ್ಡ ಬಯಲಿತ್ತು. ಈಗ ಅಲ್ಲಿ ಮೂರಂತಸ್ತಿನ ಮನೆಗಳು, ಕೆಳಗೆಲ್ಲಾ ಜೀನ್ಸ್ ಹೊಲಿಯುವ ಮಷಿನ್ನುಗಳ ಸದ್ದು. ಆ ವರ್ಷ ಯುಗಾದಿ ಮುಗಿದ ಮೇಲೆ ಅಲ್ಲಿ ಒಂದು ನಾಟಕ ಕಂಪನಿ ಕ್ಯಾಂಪ್ ಹಾಕಿತು. ಲಾರಿಗಳಲ್ಲಿ ತಗಡು, ಗಳ, ಪರದೆ, ಬೆಂಚು, ಅಡುಗೆ ಪಾತ್ರೆ, ತೊಟ್ಟಿಲು ಎಲ್ಲಾ ಬಂದವು. ಒಂದು ವಾರದಲ್ಲಿ ತಗಡಿನ ಥಿಯೇಟರ್ ಎದ್ದು ನಿಂತಿತು. ಸಂಜೆಯಾದರೆ ರಿಕ್ಷಾದಲ್ಲಿ ಮೈಕ್ ಕೂಗಿಕೊಂಡು ಹೋಗುತ್ತಿತ್ತು. ಹಿಂದೆ ಓಡಿದರೆ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ ಸಿಗುತ್ತಿತ್ತು. ನನ್ನ ಹತ್ತಿರ ಮೂವತ್ತಕ್ಕಿಂತ ಜಾಸ್ತಿ ಇದ್ದವು.

ನಾಟಕದ ನಾಯಕಿ ನಮ್ಮ ಓಣಿಯಲ್ಲೇ ಒಂದು ರೂಮು ಹಿಡಿದಿದ್ದಳು. ಮಧ್ಯಾಹ್ನ ಹೊತ್ತು ನಮ್ಮ ಮನೆಗೆ ಮಜ್ಜಿಗೆಗೆ ಬರುತ್ತಿದ್ದಳು. ಬಣ್ಣ ಇಲ್ಲದ ಮುಖ, ಹರಿದ ಚಪ್ಪಲಿ. ನನ್ನ ಜಡೆ ಹಾಕುತ್ತಾ ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ಅದೇ ಹೆಂಗಸು ರಾತ್ರಿ ಮೂರನೇ ಬೆಲ್ ಆದ ಮೇಲೆ ಪರದೆ ಎದ್ದಾಗ ರೇಷ್ಮೆ ಸೀರೆಯಲ್ಲಿ ನಿಂತಿದ್ದರೆ ನನಗೆ ಉಸಿರೇ ಕಟ್ಟುತ್ತಿತ್ತು. ಮೂರನೇ ಅಂಕದಲ್ಲಿ ಅವಳನ್ನು ಗಂಡನ ಮನೆಯಿಂದ ಹೊರಗೆ ಹಾಕುತ್ತಾರೆ. ಹೊಸ್ತಿಲ ಮೇಲೆ ನಿಂತು ಒಂದು ಹಾಡು. ಹೆಂಗಸರ ಕಡೆ ಒಬ್ಬರ ಕಣ್ಣೂ ಒಣಗಿರುತ್ತಿರಲಿಲ್ಲ. ಗಂಡಸರು "ಒನ್ಸ್ ಮೋರ್" ಅಂತ ಕೂಗುತ್ತಿದ್ದರು. ಒಳಗೆ ಹೋಗುತ್ತಿದ್ದವಳು ಹೊಸ್ತಿಲಿನಿಂದಲೇ ತಿರುಗಿ, ಸೆರಗು ಸರಿಮಾಡಿಕೊಂಡು, ಮೊದಲಿಗಿಂತ ಸಣ್ಣ ದನಿಯಲ್ಲಿ ಮತ್ತೆ ಶುರು ಮಾಡುತ್ತಿದ್ದಳು. ಆ ತಿರುಗುವ ಗಳಿಗೆಗಾಗಿ ನಾನು ಆ ನಾಟಕವನ್ನು ಒಂಬತ್ತು ಸಲ ನೋಡಿದೆ.

ಶ್ರಾವಣದಲ್ಲಿ ಮಳೆ ಹಿಡಿಯಿತು. ತಗಡಿನ ಮೇಲೆ ಮಳೆ ಬಿದ್ದರೆ ಮಾತೇ ಕೇಳಿಸುತ್ತಿರಲಿಲ್ಲ. ಕಲೆಕ್ಷನ್ ಬಿದ್ದುಹೋಯಿತು. ಬಾಡಿಗೆ ಬಾಕಿ ಬಿತ್ತು. ಅಷ್ಟರಲ್ಲಿ ಬೇರೆ ಕಂಪನಿಯವರು ಬಂದು ಬಯಲಿನ ಮಾಲೀಕರಿಗೆ ಹೆಚ್ಚು ಕೊಡುತ್ತೇವೆ ಅಂದರು. ಒಂದು ಸಂಜೆ ರಿಕ್ಷಾ ಕೂಗಿತು: "ಕೊನೆಯ ಮೂರು ಆಟ." ನಿಮ್ಮ ಅಜ್ಜ ಮೊದಲು ನಂಬಲಿಲ್ಲ. ಕಂಪನಿಯವರು ಹಾಗೆ ಕೂಗಿಸಿ, ಆಮೇಲೆ "ಪ್ರೇಕ್ಷಕರ ಒತ್ತಾಯದ ಮೇರೆಗೆ ಇನ್ನೊಂದು ವಾರ" ಅನ್ನುವುದು ರೂಢಿ. ಈ ಸಲ ನಿಜವಾಗಿತ್ತು. ಕೊನೆಯ ಮೂರೂ ದಿನ ನಿಲ್ಲಲು ಜಾಗವಿಲ್ಲ. ಟಿಕೆಟ್ ಸಾಲಿನಲ್ಲಿ ನಿಂತು ಅಜ್ಜ ಸಿಟ್ಟಿನಿಂದ ಕೇಳಿದರು, "ಈ ಜನ ಎಲ್ಲಾ ಮಳೆಗಾಲದಾಗ ಎಲ್ಲಿದ್ದರು?"

ನಿನ್ನ ನಾಟಕದ ವಿಷಯವನ್ನು ಈ ಮೂರು ರಾತ್ರಿ ಕೂತು ಓದಿದೆ. ಓದುತ್ತಾ ಅಜ್ಜನ ಆ ಪ್ರಶ್ನೆಯೇ ನೆನಪಾಯಿತು. 2019ರ ಏಪ್ರಿಲ್ 25ಕ್ಕೆ ನ್ಯೂಯಾರ್ಕಿನ ವಿಂಟರ್ ಗಾರ್ಡನ್ ಥಿಯೇಟರಿನಲ್ಲಿ ಶುರುವಾಯಿತು. ಅಲ್ಲಿಯ ದೊಡ್ಡ ನಾಟಕ ಪ್ರಶಸ್ತಿಯಾದ ಟೋನಿಗೆ ಎಂಟು ನಾಮನಿರ್ದೇಶನ ಬಂದರೂ ಮೊದಲು ಮೊದಲು ಟಿಕೆಟ್ ಸರಿಯಾಗಿ ಹೋಗಲಿಲ್ಲ. ಅಲ್ಲಿಯ ಕರಾರಿನಲ್ಲಿ ಒಂದು ಷರತ್ತು ಇರುತ್ತದಂತೆ. ವಾರದ ಕಲೆಕ್ಷನ್ ಇಷ್ಟಕ್ಕಿಂತ ಕೆಳಗೆ ಇಳಿದರೆ ನಾಟಕವನ್ನು ಎಬ್ಬಿಸುವ ಹಕ್ಕು ಥಿಯೇಟರ್ ಮಾಲೀಕರಿಗೆ ಬರುತ್ತದೆ. ಆಮೇಲೆ ನೀವೆಲ್ಲಾ ಬಂದಿರಿ. ಫೋನಿನಲ್ಲಿ ತುಣುಕು ನೋಡಿ ಹುಡುಗ ಹುಡುಗಿಯರು ಬಂದರು, ಕಪ್ಪು ಬಿಳಿ ಪಟ್ಟೆಯ ಬಟ್ಟೆ ಹಾಕಿಕೊಂಡು ಬಂದರು. ನೀನೂ ನ್ಯೂಜೆರ್ಸಿಯಿಂದ ಬಸ್ಸು ಹಿಡಿದು ಹೋದೆ. ವರ್ಷದ ಕೊನೆಗೆ ವಾರದ ಕಲೆಕ್ಷನ್ ಹತ್ತು ಲಕ್ಷ ಡಾಲರ್ ದಾಟಿತ್ತು. ಆದರೆ ಮಳೆಗಾಲದ ಲೆಕ್ಕ ಆಗಲೇ ಬರೆದಾಗಿತ್ತು. 2020ರ ಜೂನ್ 6 ಕೊನೆಯ ಆಟ, ಆ ಜಾಗಕ್ಕೆ ಸಿನಿಮಾ ನಟ ಹ್ಯೂ ಜಾಕ್‌ಮನ್ ಇರುವ 'ದಿ ಮ್ಯೂಸಿಕ್ ಮ್ಯಾನ್' ನಾಟಕ ಬರುತ್ತದೆ ಅಂತ ಹೇಳಿದರು. ನಿನ್ನ ಸಿಟ್ಟು ನನಗೆ ಈಗ ಅರ್ಥವಾಗುತ್ತದೆ. ಖಾಲಿ ಥಿಯೇಟರಿನಿಂದ ಎಬ್ಬಿಸಿದರೆ ಒಂದು ದುಃಖ. ತುಂಬಿದ ಥಿಯೇಟರಿನಿಂದ ಎಬ್ಬಿಸಿದರೆ ಬೇರೆಯದೇ ದುಃಖ, ಅಲ್ವಾ?

ನಮ್ಮ ಕಂಪನಿ ಹೋದ ಬೆಳಿಗ್ಗೆ ನಾನು ಎದ್ದು ಹಿತ್ತಲಿಗೆ ಓಡಿದಾಗ ಬಯಲು ಖಾಲಿ. ಹುಲ್ಲು ಚೌಕವಾಗಿ ಬೆಳ್ಳಗಾಗಿತ್ತು. ಗಳ ನೆಟ್ಟ ಗುಂಡಿಗಳಲ್ಲಿ ನೀರು ನಿಂತಿತ್ತು. ಅವಳು ರಾತ್ರಿಯೇ ಲಾರಿ ಹತ್ತಿ ಹೋಗಿದ್ದಳು, ಹೇಳದೆ. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗಲೇ ನಿಮ್ಮ ಅಜ್ಜಿ ಆ ಮಾತು ಅಂದಿದ್ದು.

ಹೊಸ ಕಂಪನಿ ಬಂದಾಗ ಓಣಿಯ ಮಕ್ಕಳೆಲ್ಲಾ ಸೇರಿ ಅವರ ನಾಟಕ ನೋಡಬಾರದು ಅಂತ ಆಣೆ ಮಾಡಿದೆವು. ಅವರ ಹ್ಯಾಂಡ್‌ಬಿಲ್ ಹರಿದು ಚರಂಡಿಗೆ ಹಾಕಿದೆವು. ಅಜ್ಜ ಕೇಳಲಿಲ್ಲ, ಕೈ ಹಿಡಿದು ಕರೆದುಕೊಂಡು ಹೋದರು. ನಾನು ಕಣ್ಣು ಮುಚ್ಚಿಕೊಂಡು ಕೂತೆ. ನಾಂದಿ ಶುರುವಾಯಿತು. ಹಾರ್ಮೋನಿಯಂ ಕೇಳಿದ ಕೂಡಲೇ ಕಣ್ಣು ಬಿಟ್ಟೆ. ಆ ಕೈ ನನಗೆ ಗೊತ್ತು! ಹಳೆ ಕಂಪನಿಯ ಪೆಟ್ಟಿಗೆ ಮಾಸ್ತರು ಅಲ್ಲೇ ಕೂತು ಕಾಲಿನಿಂದ ಒತ್ತುತ್ತಾ ನುಡಿಸುತ್ತಿದ್ದರು.

ಮರುದಿನ ಚಹಾದಂಗಡಿ ಮುಂದೆ ಅವರನ್ನು ಹಿಡಿದು ಕೇಳಿದೆ, "ನೀವ್ಯಾಕೆ ಇವರ ಕಡೆ ಸೇರಿದ್ರಿ?" ಅವರು ಸಿಟ್ಟು ಮಾಡಲಿಲ್ಲ. ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದರು: "ಹೋದ ವರ್ಷ ಗಂಗಾವತಿಯಾಗ ಇವರ ಕ್ಯಾಂಪ್ ಎಬ್ಬಿಸಿ ನಾವು ಹಾಕಿದ್ವಿ ತಂಗಿ. ಅಲ್ಲೂ ನಿನ್ನಂಥಾಕಿ ಒಬ್ಬಾಕಿ ಅತ್ತಿರಬೇಕು."

ಆ ಮಾತನ್ನು ಇಷ್ಟು ವರ್ಷವಾದರೂ ಮರೆತಿಲ್ಲ. ನಾನು ಪ್ರೀತಿಸಿದ ನಾಟಕವೂ ಇನ್ಯಾರದೋ ಜಾಗದಲ್ಲಿ ನಿಂತಿತ್ತು ಅಂತ ಆವತ್ತೇ ಗೊತ್ತಾಗಿದ್ದು. ನಿನ್ನ ವಿಂಟರ್ ಗಾರ್ಡನ್ ಕಥೆಯೂ ಹಾಗೇ ಇದೆ. ಮೊದಲು ಅದು ಕುದುರೆ ಮಾರುವ ಜಾಗವಂತೆ. 1911ರಲ್ಲಿ ಥಿಯೇಟರ್ ಆಯಿತು. ಅಲ್ಲಿ 'ಕ್ಯಾಟ್ಸ್' 1982ರಿಂದ 2000ದವರೆಗೆ 7,485 ಆಟ ಆಡಿತು. ಅದರ ಮುಂದಿನ ವರ್ಷ 'ಮಮ್ಮಾ ಮಿಯಾ' ಬಂತು. ಹನ್ನೆರಡು ವರ್ಷ ಆಡಿದ ಮೇಲೆ 2013ರಲ್ಲಿ ಅದನ್ನೂ ಎಬ್ಬಿಸಿ ಬ್ರಾಡ್‌ಹರ್ಸ್ಟ್ ಅನ್ನುವ ಥಿಯೇಟರಿಗೆ ಕಳಿಸಿದರು, 'ರಾಕಿ' ನಾಟಕಕ್ಕೆ ಜಾಗ ಬೇಕು ಅಂತ. ಆ 'ರಾಕಿ' 2014ರ ಮಾರ್ಚಿನಲ್ಲಿ ಶುರುವಾಗಿ ಆಗಸ್ಟಿನಲ್ಲೇ ಮುಗಿಯಿತು. ಜಾಗ ಕಳೆದುಕೊಂಡ 'ಮಮ್ಮಾ ಮಿಯಾ' 2015ರ ಸೆಪ್ಟೆಂಬರ್‌ವರೆಗೂ ನಡೆಯಿತು. ಇದನ್ನು ಓದಿದಾಗ ನನಗೆ ಗಂಗಾವತಿಯ ಆ ಹುಡುಗಿ ನೆನಪಾದಳು. ಅವಳನ್ನು ನಾನು ನೋಡಿಲ್ಲ. ಆದರೂ ನೆನಪಾದಳು.

ಒಂದು ನಾಟಕದವರು ಇನ್ನೊಂದರ ಮೇಲೆ ಮುನಿಸಿಕೊಳ್ಳುವುದು ನಮ್ಮೂರಿಗೆ ಹೊಸದಲ್ಲ. 19ನೇ ಶತಮಾನದ ಕೊನೆಗೇ ಬಳ್ಳಾರಿಯಲ್ಲಿ ಎರಡು ನಾಟಕ ಸಭೆಗಳಿದ್ದವು. ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ. ಇಬ್ಬರೂ ವಕೀಲರು, ಇಬ್ಬರೂ ನಾಟಕ ಬರೆಯುವವರು. ಊರು ಎರಡು ಪಾಲಾಗಿತ್ತು ಅಂತ ಅಜ್ಜ ಹೇಳುತ್ತಿದ್ದರು. ಆ ಧರ್ಮವರಂ ಅವರ ಸೋದರಳಿಯನೇ ಹೆಸರಾಂತ ನಟ ಬಳ್ಳಾರಿ ರಾಘವ. ನೀನು ಚಿಕ್ಕವಳಿದ್ದಾಗ ಸ್ಕೂಲ್ ಡೇಗೆ ಕುಣಿದೆಯಲ್ಲ, ರಾಘವ ಕಲಾಮಂದಿರ, ಅದು ಅವರ ಹೆಸರಿನದೇ.

ಅದೇ ಕಲಾಮಂದಿರದಲ್ಲಿ ಒಮ್ಮೆ ರಂಗನಟಿ ಸುಭದ್ರಮ್ಮ ಮನ್ಸೂರರ ರಂಗಗೀತೆ ಕೇಳಿದ್ದೆ. ವಯಸ್ಸಾಗಿತ್ತು, ದನಿ ಮಾತ್ರ ಕೊನೆಯ ಸಾಲಿನ ಗೋಡೆಗೆ ಹೋಗಿ ತಾಗುತ್ತಿತ್ತು. 2020ರ ಜುಲೈನಲ್ಲಿ ಅವರು ತೀರಿಕೊಂಡರು. ಅವರ ಹಾಡು ಫೋನಿನಲ್ಲಿ ಈಗಲೂ ಸಿಗುತ್ತವೆ. ಆದರೆ ಪಾತ್ರವಾಗಿ ಅವರು ರಂಗದ ಮೇಲೆ ನಡೆದು ಬಂದದ್ದು, ಎದುರಿಗಿದ್ದವರ ಮಾತಿಗೆ ಮುಖ ತಿರುಗಿಸಿದ್ದು, ಅದು ಎಲ್ಲಿ ಸಿಗುತ್ತದೆ? ಸಿನಿಮಾ ಥಿಯೇಟರಿನಿಂದ ಹೋದರೆ ಟಿವಿಯಲ್ಲಿ ಬರುತ್ತದೆ. ನಾಟಕ ಹೋದರೆ ಹೋಯಿತು. ಅದಕ್ಕೇ ನೀನು ಅತ್ತಿದ್ದು ಸರಿ ಪುಟ್ಟಿ. ಅಳದೇ ಇದ್ದಿದ್ದರೆ ನೀನು ಆ ನಾಟಕವನ್ನು ಸರಿಯಾಗಿ ನೋಡಿರಲಿಲ್ಲ ಅಂತ ಅರ್ಥ.

ನಿನ್ನ ನಾಟಕದ ಕೊನೆಯ ಆಟದ ದಿನ, ಜೂನ್ 6, ಬರಲೇ ಇಲ್ಲ. ಕೊರೊನಾದಿಂದ ಮಾರ್ಚ್ 12ಕ್ಕೇ ಬ್ರಾಡ್‌ವೇ, ಅಂದರೆ ನ್ಯೂಯಾರ್ಕಿನ ದೊಡ್ಡ ನಾಟಕ ಥಿಯೇಟರುಗಳೆಲ್ಲಾ, ಪೂರ್ತಿ ಮುಚ್ಚಿತು. ನಿನಗೆ ಕೊನೆಯ ಆಟವೂ ಸಿಗಲಿಲ್ಲ. ಆಗ ನಾನು ರೋಗದ ಭಯದಲ್ಲಿದ್ದೆ, ಈ ದುಃಖವೂ ನಿನಗಿದೆ ಅಂತ ಹೊಳೆಯಲೇ ಇಲ್ಲ. 2022ರ ಏಪ್ರಿಲ್ 8ಕ್ಕೆ ಅದು ಮಾರ್ಕ್ವೀಸ್ ಥಿಯೇಟರಿನಲ್ಲಿ ಮತ್ತೆ ಶುರುವಾದಾಗ ನೀನು ಹೋಗಿ ಬಂದೆ. ಬೀಟಲ್‌ಜ್ಯೂಸ್ ಆಗಿ ಅಲೆಕ್ಸ್ ಬ್ರೈಟ್‌ಮನ್ ಇದ್ದರು. ನಾಟಕದ ಹುಡುಗಿ ಲಿಡಿಯಾ ಪಾತ್ರದವಳು ಮಾತ್ರ ಬೇರೆ. ಸೋಫಿಯಾ ಆನ್ ಕರೂಸೋ ಬದಲು ಎಲಿಜಬೆತ್ ಟೀಟರ್. "ಚೆನ್ನಾಗಿ ಮಾಡಿದಳು ಅಮ್ಮ, ಆದ್ರೆ..." ಅಂದು ಸುಮ್ಮನಾದೆ. ಆ "ಆದ್ರೆ" ನನಗೆ ಗೊತ್ತು.

ನನ್ನ ಕಂಪನಿ ನಮ್ಮೂರು ಬಿಟ್ಟ ಮೂರು ವರ್ಷದ ಮೇಲೆ, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನನಗೆ ಮತ್ತೆ ಸಿಕ್ಕಿತ್ತು. ಅದೇ ನಾಟಕ. ನಿಮ್ಮ ಅಜ್ಜನನ್ನು ಕಾಡಿ ಟಿಕೆಟ್ ತೆಗೆಸಿದೆ. ನಾಯಕಿ ಬೇರೆಯವಳು. ಹೊಸ್ತಿಲ ಹಾಡು ಬಂತು. ಈಕೆಯ ದನಿ ಇನ್ನೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. "ಒನ್ಸ್ ಮೋರ್" ಅಂದರು. ಈಕೆ ರಂಗದ ಮಧ್ಯಕ್ಕೆ ಬಂದು, ಜನರಿಗೆ ಕೈಮುಗಿದು, ಗಟ್ಟಿಯಾಗಿ ಹಾಡಿದಳು. ಹೊಸ್ತಿಲಿನಿಂದ ತಿರುಗಲಿಲ್ಲ. ಜನ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ನನ್ನ ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಅವಳಿಗೆ ಆ ನಾಟಕ ಅಂದರೆ ಈಕೆಯೇ. ಅವಳಿಗೆ ಏನೂ ಹೇಳಬೇಕು ಅನ್ನಿಸಲಿಲ್ಲ.

ಇನ್ನೊಂದು ನೋಡು. ನಿನ್ನ ನಾಟಕ 2023ರ ಜನವರಿ 8ಕ್ಕೆ ಮುಗಿಯಿತು. ಅದನ್ನು ಎಬ್ಬಿಸಿ ಬಂದ 'ಮ್ಯೂಸಿಕ್ ಮ್ಯಾನ್' ಜನವರಿ 15ಕ್ಕೆ ಮುಗಿಯಿತು. ಒಂದೇ ವಾರದ ಅಂತರ. ಆ ನಾಟಕವನ್ನು ನೀನು ನೋಡಲೇ ಇಲ್ಲ, ಸಿಟ್ಟಿಗೆ. ನನಗೆ ಅದೊಂದು ಬೇಜಾರು. ಅಲ್ಲಿಯೂ ಯಾರೋ ಹಳೆ ಪೆಟ್ಟಿಗೆ ಮಾಸ್ತರು ಕೂತಿದ್ದಿರಬಹುದಲ್ಲ.

ನಿನ್ನ ಪಾರ್ಸೆಲ್ ಮಂಗಳವಾರ ಹಾಕುತ್ತೇನೆ. ಬ್ಯಾಡಗಿ ಖಾರದ ಪುಡಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಇವೆ.

ಮುಂದಿನ ಭಾನುವಾರ ನಿನ್ನ ಬೆಳಿಗ್ಗೆ ಫೋನ್ ಮಾಡು. ಇಲ್ಲಿ ಸಂಜೆ ಆಗಿರುತ್ತದೆ, ಒಲೆ ಮೇಲೆ ಏನೂ ಇಟ್ಟಿರುವುದಿಲ್ಲ. ಆವತ್ತು ಕೇಳಬೇಕಿದ್ದದ್ದನ್ನು ಈಗ ಕೇಳುತ್ತೇನೆ. ಆ ನಾಟಕದಲ್ಲಿ ನಿನಗೆ ಅಳು ಬರುತ್ತಿದ್ದದ್ದು ಯಾವ ಹಾಡಿಗೆ? ಅದನ್ನು ನನಗೆ ಹಾಡಿ ತೋರಿಸು. ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ಪರವಾಗಿಲ್ಲ. ನನ್ನ ಹೊಸ್ತಿಲ ಹಾಡಿನಲ್ಲಿ ಎರಡು ಸಾಲು ಇನ್ನೂ ನೆನಪಿವೆ. ಅವನ್ನು ನಾನು ಹಾಡುತ್ತೇನೆ.

ನಿನ್ನ
ಅಮ್ಮ