ಸಂಸದ ಜೋಸೆಫ್ ಆರ್ಚ್ ಅವರಿಗೆ, ಒಂದು ತಕರಾರು

ಮಾನ್ಯ ಆರ್ಚ್ ಅವರೇ,

ನೀವು ತೀರಿಕೊಂಡದ್ದು 1919ರಲ್ಲಿ. ಆದರೂ ನಿಮ್ಮ ಮೇಲೆ ಒಂದು ತಕರಾರಿದೆ, ಹೇಳಿಬಿಡುತ್ತೇನೆ.

1872ರ ಫೆಬ್ರವರಿ 7. ಇಂಗ್ಲೆಂಡಿನ ವಾರಿಕ್‌ಶೈರಿನ ವೆಲ್ಸ್‌ಬೋರ್ನ್ ಹಳ್ಳಿ. ಹೊಲದ ಕೂಲಿಗಳ ಸಭೆಗೆ ಒಂದಿಷ್ಟು ಜನ ಬಂದರೆ ಸಾಕು ಅಂದುಕೊಂಡು ಹೋದಿರಿ. ನೋಡಿದರೆ ಚೆಸ್ಟ್‌ನಟ್ ಮರದ ಕೆಳಗೆ ಕೂಲಿಗಳ ಜಾತ್ರೆ. ಕತ್ತಲಾದ ಮೇಲೆ ಬೀನ್ಸ್ ಬಳ್ಳಿ ಹಬ್ಬಿಸುವ ಕೋಲುಗಳಿಗೆ ಲಾಂದ್ರ ನೇತುಹಾಕಿದರು. ವೇದಿಕೆ ಇರಲಿಲ್ಲ. ಹಂದಿ ಕೊಯ್ಯುವ ಮಣೆ ಹತ್ತಿ ನಿಂತು ಮಾತಾಡಿದಿರಿ. ಅದೇ ವರ್ಷ ರಾಷ್ಟ್ರೀಯ ಕೃಷಿ ಕಾರ್ಮಿಕರ ಸಂಘ ಹುಟ್ಟಿತು. ಎರಡೇ ವರ್ಷಕ್ಕೆ 80,000ಕ್ಕಿಂತ ಜಾಸ್ತಿ ಸದಸ್ಯರು! ಒಂಬತ್ತನೇ ವಯಸ್ಸಿನಲ್ಲಿ ದಿನಕ್ಕೆ ನಾಲ್ಕು ಪೆನ್ನಿ ಕೂಲಿಗೆ ಹೊಲದಲ್ಲಿ ಕಾಗೆ ಓಡಿಸುತ್ತಿದ್ದ ಹುಡುಗ ಮಾಡಿದ ಕೆಲಸ ಇದು.

1884ರ ಕಾನೂನು ಹಳ್ಳಿಯ ಕೂಲಿಗಳಿಗೂ ಓಟು ತಂದಿತು. ಮರುವರ್ಷವೇ ನೀವು ನಾರ್ತ್ ವೆಸ್ಟ್ ನಾರ್ಫೋಕಿನ ಲಿಬರಲ್ ಪಕ್ಷದ ಸಂಸದ. ಯುವರಾಜನ ಸ್ಯಾಂಡ್ರಿಂಗ್‌ಹ್ಯಾಮ್ ಬಂಗಲೆಯೂ ನಿಮ್ಮ ಕ್ಷೇತ್ರದಲ್ಲೇ. ಬೇಲಿ ಸವರಿ ಬದುಕಿದವನು ಮುಂದಿನ ದೊರೆಗೆ ಎಂಪಿ! 1886ರ ಜನವರಿಯಲ್ಲಿ ಕೂಲಿಗಳಿಗೆ ತುಂಡು ಭೂಮಿ ಬೇಕು ಅಂತ ಸಂಸದ ಜೆಸ್ಸಿ ಕಾಲಿಂಗ್ಸ್ ತಿದ್ದುಪಡಿ ತಂದಾಗ ನೀವೂ ಎದ್ದು ಮಾತಾಡಿದಿರಿ. ಆ ಮತದಲ್ಲಿ ಪ್ರಧಾನಿ ಸಾಲ್ಸ್‌ಬರಿಯ ಸರ್ಕಾರವೇ ಬಿತ್ತು. ಅದೇ ವರ್ಷದ ಚುನಾವಣೆಯಲ್ಲಿ ಕೂದಲೆಳೆ ಅಂತರದಲ್ಲಿ ನೀವೂ ಸೋತಿರಿ, ಅದು ಬೇರೆ ಮಾತು.

1892ರಲ್ಲಿ ಮತ್ತೆ ಗೆದ್ದು 1900ರವರೆಗೆ ಕೂತಿರಿ. ನನ್ನ ತಕರಾರು ಈ ಎಂಟು ವರ್ಷದ್ದು. ಬಡ ಮುದುಕರ ಕಷ್ಟ ವಿಚಾರಿಸುವ ಆಯೋಗದಲ್ಲಿ ಯುವರಾಜನ ಜೊತೆ ಸದಸ್ಯರಾಗಿದ್ದಿರಿ, ಸರಿ. ಆದರೆ ಮುದುಕರ ಕೈಗೆ ಪಿಂಚಣಿ ಸಿಕ್ಕಿದ್ದು 1909ರಲ್ಲಿ, ನೀವು ಸದನ ಬಿಟ್ಟ ಮೇಲೆ. ಮಣೆ ಹತ್ತಿ ಗುಡುಗಿದ ಆ ದನಿ ವೆಸ್ಟ್‌ಮಿನ್‌ಸ್ಟರ್ ಸಂಸತ್ತಿನಲ್ಲಿ ಯಾಕೆ ಅಷ್ಟು ಮೆತ್ತಗಾಯಿತು?

ನಿಮ್ಮ ಕಡೆಯ ವಾದವೂ ಗೊತ್ತು. ಎಂಪಿಗಳಿಗೆ ಸಂಬಳ ಬಂದದ್ದೇ 1911ರಲ್ಲಿ. ಪಕ್ಕದಲ್ಲಿ ಕೂತ ಜಮೀನ್ದಾರನಿಗೆ ಗೇಣಿ ಬರುತ್ತಿತ್ತು, ನಿಮಗೆ ಅಂಥ ಆದಾಯ ಇರಲಿಲ್ಲ. ಸಂಘ ಸೇರಿದ ಕೂಲಿಗಳನ್ನು ಹೊಲದ ಮಾಲೀಕರು ಕೆಲಸದಿಂದ ಹೊರಗಿಟ್ಟ 1874ರ ಲಾಕೌಟ್‌ನಿಂದಲೇ ಸಂಘವೂ ಸೊರಗಲು ಶುರುವಾಗಿತ್ತು. ಎಲ್ಲ ಒಪ್ಪಿದೆ. ಆದರೂ ಸಂಘ ಪೂರ್ತಿ ಬಾಗಿಲು ಹಾಕಿದ್ದು 1896ರಲ್ಲಿ, ನೀವು ಇನ್ನೂ ಸಂಸದರಾಗಿದ್ದಾಗ. ಓಟು ಸಿಕ್ಕಿತಲ್ಲ, ಇನ್ನು ಸಂಘ ಯಾಕೆ ಅಂದುಕೊಂಡಿರಾ? ಹಾಗಿದ್ದರೆ ಅದು ತಪ್ಪು ಲೆಕ್ಕ ಸ್ವಾಮಿ. ನಿಮ್ಮನ್ನು ಸದನಕ್ಕೆ ಕಳಿಸಿದ್ದು ಆ ಸಂಘವೇ ಅಲ್ವಾ?

ಇಂತಿ,
ನಿಮ್ಮನ್ನು ಮೆಚ್ಚಿಯೂ ಜಗಳವಾಡುವ ಒಬ್ಬ ಓದುಗ